ಆದೇಶ ಹೊರಡುವ ಮೊದಲು ನೋಡಿ: ಆಪ್ತ ಶಾಖೆಯಿಂದ ಖಾಯಂ ಹುದ್ದೆಗಿರುವ ದಾರಿ ಕುರಿತು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಯವರು,
ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಕಾರ್ಯದರ್ಶಿಯವರು,
ಹಾಗೂ ವಿಧಾನಮಂಡಲದ ಉಭಯ ಸದನಗಳ ಸದಸ್ಯರು.

ವಿಷಯ: ರಾಜಕೀಯ ಶಿಫಾರಸಿನ ಮೇಲೆ ತಾತ್ಕಾಲಿಕವಾಗಿ ಬಂದವರನ್ನು ಖಾಯಂ ಹುದ್ದೆಗೆ ತೆಗೆದುಕೊಳ್ಳುವ ಮುನ್ನ ಇಲಾಖೆಯ ಹೊರಗಿನಿಂದ ಪರಿಶೀಲನೆ ನಡೆಸುವ ಬಗ್ಗೆ.

ಮಾನ್ಯರೇ,

ಸಚಿವರ ಆಪ್ತ ಶಾಖೆಗೆ ಹೊರಗಿನವರೊಬ್ಬರನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳುವ ಆದೇಶದಲ್ಲಿ ಸಾಮಾನ್ಯವಾಗಿ ಹೀಗೊಂದು ಸಾಲು ಇರುತ್ತದೆ: ‘ಮಾನ್ಯ ಸಚಿವರ ಅಧಿಕಾರಾವಧಿಯವರೆಗೆ ಅಥವಾ ಮುಂದಿನ ಆದೇಶದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ’. ಆ ಸಾಲಿನ ಬಗ್ಗೆ ನಮ್ಮ ತಕರಾರಿಲ್ಲ. ಸಚಿವರಿಗೆ ನಂಬಿಕೆಯ ನಾಲ್ಕು ಜನ ಬೇಕು. ಭಾಷಣ ಬರೆಯುವುದಕ್ಕೆ, ಕ್ಷೇತ್ರದ ಜನರ ಅರ್ಜಿ ನೋಡುವುದಕ್ಕೆ, ಪತ್ರಕರ್ತರ ಫೋನ್ ಎತ್ತುವುದಕ್ಕೆ ಕೆಪಿಎಸ್‌ಸಿ ಪರೀಕ್ಷೆ ಬರೆದು ಬಂದವರೇ ಆಗಬೇಕೆಂದು ಯಾರೂ ಹೇಳುವುದಿಲ್ಲ. ಸಚಿವರು ಹೋದ ದಿನ ಅವರೂ ಹೋಗುತ್ತಾರೆ ಎಂಬ ಷರತ್ತಿನ ಮೇಲೆಯೇ ಈ ವಿನಾಯಿತಿ ನಿಂತಿದೆ.

ನಾವು ಬರೆಯುತ್ತಿರುವುದು ಹೋಗದೆ ಉಳಿಯುವವರ ಬಗ್ಗೆ. ಶಿಫಾರಸಿನ ಮೇಲೆ ಒಳಗೆ ಬಂದವರು ನಿಯಮದ ಹುದ್ದೆಯಲ್ಲಿ ಹೇಗೆ ಕೂರುತ್ತಾರೆ, ನಮ್ಮ ಕಾನೂನು ಅದನ್ನು ಯಾವಾಗ ನೋಡುತ್ತದೆ, ಯಾವಾಗ ನೋಡಬೇಕಿತ್ತು ಎಂಬುದಷ್ಟೇ ಈ ಪತ್ರದ ವಿಷಯ.

ಇದು ಒಂದೇ ಏಟಿಗೆ ಆಗುವ ಕೆಲಸವಲ್ಲ. ಮೊದಲು ಹೆಸರು ಹೊರಗುತ್ತಿಗೆ ಏಜೆನ್ಸಿಯ ಪಟ್ಟಿಗೆ ಸೇರುತ್ತದೆ. ಟೆಂಡರ್ ಆಗುವುದು ಏಜೆನ್ಸಿಗೆ. ಏಜೆನ್ಸಿ ಯಾರನ್ನು ಕಳಿಸಬೇಕೆನ್ನುವುದಕ್ಕೆ ಟೆಂಡರ್ ಇಲ್ಲ. ಶಿಫಾರಸು ಕೆಲಸ ಮಾಡುವುದು ಈ ಸಂದಿನಲ್ಲೇ. ಸಂಬಳ ವೇತನದ ಲೆಕ್ಕಶೀರ್ಷಿಕೆಯಲ್ಲಿ ಬರದೆ ಇತರ ವೆಚ್ಚದಲ್ಲಿ ಬರುವುದರಿಂದ ಮಂಜೂರಾದ ಹುದ್ದೆಗಳ ಲೆಕ್ಕದಲ್ಲಿ ಈ ಹೆಸರು ಕಾಣುವುದಿಲ್ಲ. ವರ್ಷಕ್ಕೊಮ್ಮೆ ಅವಧಿ ವಿಸ್ತರಣೆ, ನಡುವೆ ಒಂದು ದಿನದ ವಿರಾಮ. ಎರಡನೇ ಹಂತ ನಿಗಮ ಅಥವಾ ಮಂಡಳಿ. ಅಲ್ಲಿ ಆಡಳಿತ ಮಂಡಳಿಯ ನಿರ್ಣಯವೊಂದರಿಂದ ‘ಸಂಪರ್ಕಾಧಿಕಾರಿ’, ‘ಸಲಹೆಗಾರ’, ‘ಯೋಜನಾ ಸಂಯೋಜಕ’ ಎಂಬಂಥ ಹುದ್ದೆ ಸೃಜಿಸುವುದು ಸಚಿವಾಲಯಕ್ಕಿಂತ ಸುಲಭ. ಸಂವಿಧಾನದ 320ನೇ ವಿಧಿ ಲೋಕಸೇವಾ ಆಯೋಗದ ಜೊತೆ ಸಮಾಲೋಚನೆ ಕಡ್ಡಾಯ ಮಾಡಿರುವುದು ರಾಜ್ಯದ ನಾಗರಿಕ ಸೇವೆ, ಹುದ್ದೆಗಳಿಗೆ. ನಿಗಮಗಳನ್ನು ಆಯೋಗದ ವ್ಯಾಪ್ತಿಗೆ ತರಬೇಕಾದರೆ 321ನೇ ವಿಧಿಯಡಿ ಬೇರೆ ಕಾನೂನೇ ಬೇಕು. ಮೂರನೇ ಹಂತದಲ್ಲಿ ಆ ನಿಗಮದ ‘ನೌಕರ’ ಇಲಾಖೆಗೆ ನಿಯೋಜನೆ ಮೇಲೆ ಬರುತ್ತಾರೆ. ನಿಯೋಜನೆ ಮುಂದುವರಿಯುತ್ತದೆ, ಮಾತೃ ಸಂಸ್ಥೆ ‘ಆಕ್ಷೇಪಣೆ ಇಲ್ಲ’ ಎನ್ನುತ್ತದೆ, ಕೊನೆಗೆ ‘ವಿಲೀನ’ ಎಂಬ ಪದ, ಅಂದರೆ ಇಲಾಖೆಯ ಹುದ್ದೆಗೇ ಖಾಯಂ ಸೇರ್ಪಡೆ, ಟಿಪ್ಪಣಿಯಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರತಿ ಕಾಗದವೂ ತನ್ನಷ್ಟಕ್ಕೆ ಸರಿಯಾಗಿಯೇ ಕಾಣುತ್ತದೆ. ಮೂರನ್ನೂ ಒಟ್ಟಿಗಿಟ್ಟು ನೋಡುವವರು ಯಾರೂ ಇಲ್ಲ, ಏಕೆಂದರೆ ಮೂರೂ ಬೇರೆ ಬೇರೆ ಕಡತಗಳಲ್ಲಿವೆ.

ಇನ್ನೊಂದು ದಾರಿ ಇದಕ್ಕಿಂತ ನಯವಾದದ್ದು: ವೃಂದ ಮತ್ತು ನೇಮಕಾತಿ ನಿಯಮವನ್ನೇ ವ್ಯಕ್ತಿಯ ಅಳತೆಗೆ ಹೊಲಿಸುವುದು. ಹೊಲಿಗೆ ಎಲ್ಲಿ ನಡೆಯುತ್ತದೆಂದು ತಿಳಿಯಲು ನಿಯಮದ ಅನುಸೂಚಿ ತೆರೆದು ನೋಡಬೇಕು. ಒಂದು ಕಲಂನಲ್ಲಿ ಹುದ್ದೆ, ಇನ್ನೊಂದರಲ್ಲಿ ನೇಮಕಾತಿ ವಿಧಾನ, ಕೊನೆಯದರಲ್ಲಿ ಕನಿಷ್ಠ ವಿದ್ಯಾರ್ಹತೆ ಮತ್ತು ಅನುಭವ. ಕಣ್ಣಿಡಬೇಕಾದ್ದು ಈ ಕೊನೆಯ ಕಲಂ ಮೇಲೆ. ‘ಯಾವುದೇ ಪದವಿ’ ಎಂದು ಬಾಗಿಲು ಅಗಲ ಮಾಡಿ, ಮುಂದಿನ ಸಾಲಿನಲ್ಲಿ ‘ಸರ್ಕಾರದ ಸಚಿವಾಲಯ ಮಟ್ಟದ ಕಚೇರಿಯಲ್ಲಿ ಸಾರ್ವಜನಿಕ ಸಂಪರ್ಕದ ಕನಿಷ್ಠ ಮೂರು ವರ್ಷದ ಅನುಭವ’ ಎಂದು ಬರೆದರೆ ಬಾಗಿಲು ಮತ್ತೆ ಒಬ್ಬರ ಅಗಲಕ್ಕೇ ಬಂತು. ರಾಯಚೂರಿನಲ್ಲಿ ಓದಿ ಕೂತ ಹುಡುಗಿಗೆ ಸಚಿವಾಲಯದ ಅನುಭವ ಎಲ್ಲಿಂದ ಬರಬೇಕು? ಅನುಭವವನ್ನು ಅರ್ಹತೆ ಮಾಡದಿದ್ದರೆ ಅದಕ್ಕೆ ಕೃಪಾಂಕ ಕೊಡುತ್ತಾರೆ. ವರ್ಷಕ್ಕಿಷ್ಟು ಅಂಕವೆಂದರೆ ಬರವಣಿಗೆ ಪರೀಕ್ಷೆಯ ಅಂತರವೆಲ್ಲ ಅದರಲ್ಲೇ ಮುಳುಗಿಹೋಗುತ್ತದೆ. 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಕಾಯ್ದೆಯಡಿ ಹೊರಡುವ ಕರಡು ನಿಯಮಕ್ಕೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ ಕೊಡುವುದು 15 ದಿನ. ರಾಜ್ಯಪತ್ರದ ಆ ಪುಟವನ್ನು ಆ 15 ದಿನದಲ್ಲಿ ಓದುವವರು ಎಷ್ಟು ಜನ ಎಂದು ನಿಮಗೂ ಗೊತ್ತು, ನಮಗೂ ಗೊತ್ತು.

ಒಬ್ಬರಿಗಾಗಿಯೇ ನಿಯಮ ಬರೆಯುವುದು ಹೊಸದೂ ಅಲ್ಲ. ಮೈಸೂರು ರಾಜ್ಯವಾಗಿದ್ದಾಗಲೇ ಆಗಿದೆ. ಕೆಜಿಎಫ್‌ನ ಊರಿಗಾಂ ಸ್ಕೂಲ್ ಆಫ್ ಮೈನ್ಸ್‌ನ ಪ್ರಾಂಶುಪಾಲ ಹುದ್ದೆಯಲ್ಲಿದ್ದ ಒಬ್ಬರೇ ಒಬ್ಬರ ನೇಮಕವನ್ನು ಹಿಂದಿನ ದಿನಾಂಕದಿಂದ ಸಕ್ರಮಗೊಳಿಸಲು 1967ರಲ್ಲಿ, ಸೇವಾ ನಿಯಮ ಮಾಡುವ ಅಧಿಕಾರ ಕೊಡುವ ಸಂವಿಧಾನದ 309ನೇ ವಿಧಿಯಡಿ, ವಿಶೇಷ ನಿಯಮವನ್ನೇ ಹೊರಡಿಸಲಾಯಿತು. ಆ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ ನಂಜುಂಡಪ್ಪ ಪ್ರಕರಣವೆಂದು ಹೆಸರಾಯಿತು. ಸಕ್ರಮೀಕರಣ ಎಂಬುದು ನೇಮಕಾತಿಯ ಒಂದು ವಿಧಾನವಲ್ಲ ಎಂದು ಕೋರ್ಟು ಅಲ್ಲಿ ಹೇಳಿದ ಮಾತನ್ನು ದೇಶದ ಎಲ್ಲ ಹೈಕೋರ್ಟುಗಳೂ ಇವತ್ತಿಗೂ ಉಲ್ಲೇಖಿಸುತ್ತವೆ. ಈ ವಿಷಯದ ಕಾನೂನು ಬಹುಪಾಲು ನಮ್ಮ ರಾಜ್ಯದ ತಪ್ಪುಗಳಿಂದಲೇ ಬೆಳೆದದ್ದು. ಹೆಮ್ಮೆ ಪಡಬೇಕೋ ನಾಚಿಕೆ ಪಡಬೇಕೋ ತಿಳಿಯದು.

ಅದರಲ್ಲಿ ದೊಡ್ಡದು ಉಮಾದೇವಿ ತೀರ್ಪು. 1984ರ ಜುಲೈ 1ರ ನಂತರ ದಿನಗೂಲಿ ನೇಮಕ ಬೇಡವೆಂದು ಸರ್ಕಾರವೇ ಹೇಳಿದ ಮೇಲೂ ವಾಣಿಜ್ಯ ತೆರಿಗೆ ಇಲಾಖೆ 1985–86ರಲ್ಲಿ ಜನರನ್ನು ದಿನಗೂಲಿ ಮೇಲೆ ತೆಗೆದುಕೊಂಡಿತು. ದೀರ್ಘ ವ್ಯಾಜ್ಯದ ಕೊನೆಗೆ, 2006ರ ಏಪ್ರಿಲ್ 10ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಜಾಹೀರಾತು, ಸ್ಪರ್ಧೆ ಇಲ್ಲದೆ ಬಂದವರಿಗೆ ಖಾಯಮಾತಿಯ ಹಕ್ಕಿಲ್ಲ. 53ನೇ ಪ್ಯಾರಾದಲ್ಲಿ ಮಾತ್ರ ಒಂದು ಸಣ್ಣ ಬಾಗಿಲು ಬಿಟ್ಟಿತು. ಮಂಜೂರಾದ ಖಾಲಿ ಹುದ್ದೆ ಇರಬೇಕು, ವಿದ್ಯಾರ್ಹತೆ ಇರಬೇಕು, ನ್ಯಾಯಾಲಯದ ತಡೆಯಾಜ್ಞೆಯ ಆಸರೆ ಇಲ್ಲದೆ ಹತ್ತು ವರ್ಷ ಕೆಲಸ ಮಾಡಿರಬೇಕು. ಅಂಥವರಿಗೆ ಒಂದು ಬಾರಿಗೆ ಸೀಮಿತವಾಗಿ ಸಕ್ರಮ. ಆ ಹತ್ತು ವರ್ಷ 2006ರ ಏಪ್ರಿಲ್ 10ಕ್ಕೇ ತುಂಬಿರಬೇಕೆಂದು 2010ರಲ್ಲಿ ಕೇಸರಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದೂ ಕರ್ನಾಟಕದ ಮೇಲ್ಮನವಿಯಲ್ಲಿಯೇ.

ತೀರ್ಪು ಯಾರನ್ನು ಹಿಡಿಯಿತು, ಯಾರನ್ನು ಬಿಟ್ಟಿತು ಎಂಬುದನ್ನು ಈಗ ನೋಡಿ. ಹಿಡಿದದ್ದು ಕಸ ಗುಡಿಸುವವರನ್ನು, ಪಂಪ್ ಆಪರೇಟರುಗಳನ್ನು, ಜವಾನರನ್ನು, ಟೈಪಿಸ್ಟರನ್ನು. ಅವರ ಅರ್ಜಿ ಬಂದಾಗಲೆಲ್ಲ ಇಲಾಖೆಗಳು ‘ಉಮಾದೇವಿ’ ಎಂದು ಬರೆದು ಕಡತ ಮುಚ್ಚಿದವು. ಕೇಂದ್ರ ಜಲ ಆಯೋಗದಲ್ಲಿ ದಶಕಗಟ್ಟಲೆ ಸ್ವಚ್ಛತೆಯ ಕೆಲಸ ಮಾಡಿದ ಹೆಂಗಸರ ಜಗ್ಗೋ ಪ್ರಕರಣದಲ್ಲಿ, 2024ರ ಡಿಸೆಂಬರ್ 20ರಂದು, ಆ ತೀರ್ಪನ್ನು ಹೀಗೆ ಗುರಾಣಿ ಮಾಡಿಕೊಳ್ಳುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ನಿಯೋಜನೆ ಮತ್ತು ವಿಲೀನದ ದಾರಿಯಲ್ಲಿ ಬಂದವರು ಕೋರ್ಟಿಗೆ ಹೋಗಬೇಕಾದ್ದೇ ಇಲ್ಲ. ಅವರ ಕೈಯಲ್ಲಿ ಆದೇಶವೇ ಇರುತ್ತದೆ. ಆದೇಶವನ್ನು ಪ್ರಶ್ನಿಸಬೇಕಾದವರು ಆ ಹುದ್ದೆಗೆ ಅರ್ಜಿ ಹಾಕಬಹುದಾಗಿದ್ದವರು, ಆದರೆ ಹುದ್ದೆಯೊಂದಿತ್ತು ಎಂಬುದೇ ಅವರಿಗೆ ತಿಳಿದಿಲ್ಲ.

ಆದ್ದರಿಂದ ಈ ಪತ್ರವನ್ನು ಪೌರಕಾರ್ಮಿಕರ, ದಿನಗೂಲಿಗಳ ವಿರುದ್ಧ ಯಾರೂ ಬಳಸಬಾರದು. ನಾವು ಎತ್ತುತ್ತಿರುವ ತಕರಾರು ಸಮಯದ್ದು. ನಮ್ಮ ಕಾನೂನು ನೇಮಕವಾಗಿ ಹತ್ತು ವರ್ಷದ ಮೇಲೆ, ಆ ಮನುಷ್ಯನಿಗೆ ಮಕ್ಕಳು ಶಾಲೆಗೆ ಹೋಗುತ್ತಿರುವಾಗ, ‘ನೀನು ಹೇಗೆ ಬಂದೆ?’ ಎಂದು ಕೇಳುತ್ತದೆ. ಆ ಹೊತ್ತಿಗೆ ಯಾವ ಉತ್ತರ ಕೊಟ್ಟರೂ ಯಾರಿಗೋ ಅನ್ಯಾಯವೇ. ಕೇಳಬೇಕಾದ್ದು ಆದೇಶಕ್ಕೆ ಸಹಿ ಬೀಳುವ ಹಿಂದಿನ ದಿನ.

ಹಾಗೆ ಮೊದಲೇ ಕೇಳುವ ಪದ್ಧತಿಯೊಂದು ಅಮೆರಿಕದ ಫೆಡರಲ್ ಸರ್ಕಾರದಲ್ಲಿ ಬೆಳೆದಿದೆ. ಅಲ್ಲಿ ಅಧ್ಯಕ್ಷರು ಬದಲಾದಾಗ ಸುಮಾರು 4,000 ರಾಜಕೀಯ ಹುದ್ದೆಗಳು ಬದಲಾಗುತ್ತವೆ, ಮತ್ತು ಆ ಹುದ್ದೆಗಳ ಪಟ್ಟಿ ಬಹಿರಂಗವಾಗಿ ಪ್ರಕಟವಾಗುತ್ತದೆ. ಅದರ ಅಡ್ಡಹೆಸರು ಪ್ಲಮ್ ಬುಕ್. ಆಡಳಿತದ ಅವಧಿ ಮುಗಿಯುವ ಹೊತ್ತಿಗೆ ಅಂಥವರು ಖಾಯಂ ಹುದ್ದೆಗೆ ನುಸುಳುವುದಕ್ಕೆ ಅಲ್ಲಿ ‘ಬರೋಯಿಂಗ್’ ಎನ್ನುತ್ತಾರೆ, ಅಂದರೆ ಬಿಲ ತೋಡಿಕೊಂಡು ಒಳಗೆ ಕೂರುವುದು. ಹೆಗ್ಗಣ ಕಂಡ ರೈತನಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿನವರು ಈ ಪಾಠ ಕಲಿತದ್ದು ರಕ್ತ ಹರಿದ ಮೇಲೆ. ಚುನಾವಣೆಯಲ್ಲಿ ಕೆಲಸ ಮಾಡಿದ್ದಕ್ಕೆ ಪ್ಯಾರಿಸ್ ದೂತಾವಾಸದ ಹುದ್ದೆ ಬೇಕೆಂದು ಅಲೆದು ಸಿಗದವನೊಬ್ಬ 1881ರ ಜುಲೈ 2ರಂದು ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ಹೊಡೆದ. 1883ರ ಜನವರಿ 16ರಂದು ಪೆಂಡಲ್ಟನ್ ಕಾಯ್ದೆ ಬಂತು. ಮೊದಲಿಗೆ ಅದು ಹತ್ತರಲ್ಲೊಂದು ಹುದ್ದೆಗಷ್ಟೇ ಪರೀಕ್ಷೆ ಕಡ್ಡಾಯ ಮಾಡಿತು. ಉಳಿದವು ನಿಧಾನಕ್ಕೆ ಸೇರಿದವು. ಆದರೂ ಸಂಸದರು ತಮ್ಮವರಿಗಾಗಿ ಹಿತ್ತಲ ಬಾಗಿಲೊಂದನ್ನು ಕಾನೂನಿನಲ್ಲೇ ಇಟ್ಟುಕೊಂಡರು. 1940ರ ರಾಮ್‌ಸ್ಪೆಕ್ ಕಾಯ್ದೆ ಎಂದರೆ ಅದೇ: ಸಂಸದರು ಸೋತು ಕೆಲಸ ಕಳೆದುಕೊಂಡ ಆಪ್ತ ಸಿಬ್ಬಂದಿ ಸ್ಪರ್ಧೆಯಿಲ್ಲದೆ ಖಾಯಂ ಸೇವೆಗೆ ಸೇರಬಹುದಿತ್ತು. ಅದನ್ನು ರದ್ದು ಮಾಡಲು 1995 ಆಗಬೇಕಾಯಿತು. ನಮ್ಮಲ್ಲಿ ಬರೆಯದೆ ನಡೆಯುವುದನ್ನು ಅವರು ಬರೆದಿಟ್ಟು ನಡೆಸಿದ್ದರು, ಅಷ್ಟೇ ವ್ಯತ್ಯಾಸ. ಬರೆದಿಟ್ಟಿದ್ದರಿಂದ ಅಳಿಸಲು ಸಾಧ್ಯವಾಯಿತು ಎಂಬುದನ್ನೂ ಗಮನಿಸಬೇಕು.

ಈಗಿನ ಪದ್ಧತಿ 2010ರ ಜನವರಿ 1ರಿಂದ ನಡೆಯುತ್ತಿದೆ. ಹಿಂದಿನ ಐದು ವರ್ಷದಲ್ಲಿ ಯಾವಾಗಲಾದರೂ ರಾಜಕೀಯ ಹುದ್ದೆಯಲ್ಲಿದ್ದವರನ್ನು ಯಾವುದೇ ಇಲಾಖೆ ಖಾಯಂ ಹುದ್ದೆಗೆ ತೆಗೆದುಕೊಳ್ಳುವ ಮೊದಲು ಆಫೀಸ್ ಆಫ್ ಪರ್ಸನೆಲ್ ಮ್ಯಾನೇಜ್‌ಮೆಂಟ್ ಎಂಬ ಸಿಬ್ಬಂದಿ ಕಚೇರಿಯ ಒಪ್ಪಿಗೆ ಪಡೆಯಬೇಕು. ಅದಕ್ಕೂ ಮುಂಚೆ ಈ ತಪಾಸಣೆ ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಮಾತ್ರ ಇತ್ತು. ಬುದ್ಧಿವಂತರು ಒಂದು ವರ್ಷ ಮೊದಲೇ ಬಿಲ ತೋಡಿದರೆ ಕೇಳುವವರಿರಲಿಲ್ಲ. ಒಪ್ಪಿಗೆ ಕೋರುವ ಇಲಾಖೆ ಬರೀ ಪತ್ರ ಬರೆದರೆ ಸಾಲದು, ನೇಮಕಾತಿಯ ಕಡತವನ್ನೇ ಕಳಿಸಬೇಕು: ಜಾಹೀರಾತು, ಹುದ್ದೆಯ ಕರ್ತವ್ಯಪಟ್ಟಿ, ಅರ್ಜಿದಾರರಿಗೆ ಕೊಟ್ಟ ಶ್ರೇಯಾಂಕ, ಆಯ್ಕೆಯಾದವರ ವಿವರ. ನಿವೃತ್ತ ಸೈನಿಕರಿಗೆ ಕೊಡಬೇಕಾದ ಆದ್ಯತೆ ಕೊಟ್ಟಿದ್ದಾರೆಯೇ ಎಂದು ನೋಡುತ್ತಾರೆ; ನಮ್ಮಲ್ಲಾದರೆ ಆ ಜಾಗದಲ್ಲಿ ರೋಸ್ಟರ್ ಬಿಂದು, ಅಂದರೆ ಮೀಸಲಾತಿಯ ಸರದಿ, ಇಟ್ಟು ಓದಿಕೊಳ್ಳಬೇಕು. ಇಷ್ಟಾದ ಮೇಲೂ ಇದು ನಿಷೇಧವಲ್ಲ. ರಾಜಕೀಯದಿಂದ ಬಂದವರು ಎಲ್ಲರಂತೆ ಅರ್ಜಿ ಹಾಕಿ, ಎಲ್ಲರಿಗಿಂತ ಮುಂದೆ ಬಂದರೆ ಹುದ್ದೆ ಅವರದೇ.

ತಪಾಸಣೆ ಏಕೆ ಬೇಕು ಎಂಬುದಕ್ಕೆ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಓ 2006ರಲ್ಲಿ ಕೊಟ್ಟ ವರದಿ ಒಳ್ಳೆಯ ಸಾಕ್ಷಿ. 2001ರ ಮೇ ತಿಂಗಳಿಂದ 2005ರ ಏಪ್ರಿಲ್‌ವರೆಗೆ 23 ಸಂಸ್ಥೆಗಳಲ್ಲಿ 144 ಮಂದಿ ರಾಜಕೀಯ ಹುದ್ದೆಯಿಂದ ಖಾಯಂ ಹುದ್ದೆಗೆ ಹೋಗಿದ್ದರು. ಅವುಗಳಲ್ಲಿ 18 ಪ್ರಕರಣಗಳಲ್ಲಿ ಕ್ರಮ ಸರಿಯಿರಲಿಲ್ಲ ಎಂದಿತು ವರದಿ. ಕಂಡ ದೋಷಗಳು ಯಾವುವು? ಅರ್ಹತೆ ಸಾಲದವರ ಆಯ್ಕೆ, ಒಬ್ಬ ವ್ಯಕ್ತಿಗೆಂದೇ ಹುದ್ದೆ ಸೃಷ್ಟಿ, ಮಾಜಿ ಸೈನಿಕರ ಆದ್ಯತೆಗೆ ಚಕ್ಕರ್. ವಿಧಾನಸೌಧದ ಮೂರನೇ ಮಹಡಿಯಲ್ಲಿ ಕೂತವರಿಗೂ ಈ ಪಟ್ಟಿ ಅಪರಿಚಿತ ಅನ್ನಿಸಲಾರದು. ಇನ್ನೂ 19 ಪ್ರಕರಣಗಳಲ್ಲಿ ತೀರ್ಮಾನಕ್ಕೆ ಬರಲು ಬೇಕಾದಷ್ಟು ಕಾಗದವೇ ಇರಲಿಲ್ಲ. ನಮ್ಮ ದೃಷ್ಟಿಯಲ್ಲಿ ಆ 18ಕ್ಕಿಂತ ಈ 19 ಹೆಚ್ಚು ಕಳವಳದ್ದು. ತಪ್ಪು ಕಡತದಲ್ಲಿದ್ದರೆ ಯಾವತ್ತಾದರೂ ಸಿಗುತ್ತದೆ.

ಅಮೆರಿಕವನ್ನು ಆದರ್ಶವೆಂದು ಹೊತ್ತು ಮೆರೆಸುವ ಉದ್ದೇಶ ನಮಗಿಲ್ಲ. 2025ರಲ್ಲಿ ಅಲ್ಲಿ ಗಾಳಿ ತಿರುಗಿತು. ನೀತಿಗೆ ಸಂಬಂಧಿಸಿದ ಖಾಯಂ ಹುದ್ದೆಗಳ ರಕ್ಷಣೆ ತೆಗೆದು ಹೊಸ ವರ್ಗಕ್ಕೆ ಸೇರಿಸುವ ಆದೇಶ ಜನವರಿ 20ರಂದೇ ಹೊರಬಿತ್ತು. ಜುಲೈಯಲ್ಲಿ ‘ಶೆಡ್ಯೂಲ್ ಜಿ’ ಎಂಬ ಮತ್ತೊಂದು ರಾಜಕೀಯ ವರ್ಗ ಬಂತು. ಮೇ 29ರ ‘ಮೆರಿಟ್ ನೇಮಕಾತಿ ಯೋಜನೆ’ಯಲ್ಲಿ ಅಭ್ಯರ್ಥಿಗಳಿಗೆ ತಲಾ 200 ಪದಗಳ ನಾಲ್ಕು ಪ್ರಬಂಧ ಪ್ರಶ್ನೆಗಳನ್ನಿಟ್ಟರು, ಅದರಲ್ಲೊಂದು ಅಧ್ಯಕ್ಷರ ಆದೇಶಗಳನ್ನೂ ಆದ್ಯತೆಗಳನ್ನೂ ಮುಂದೊಯ್ಯಲು ನೀವೇನು ಮಾಡುವಿರಿ ಎಂಬುದು. ರಾಜಕೀಯದವರು ಖಾಯಂ ಹುದ್ದೆಗೆ ನುಸುಳುವುದನ್ನು ತಡೆಯುತ್ತ ಕೂತರೆ, ಖಾಯಂ ಹುದ್ದೆಯನ್ನೇ ರಾಜಕೀಯ ಮಾಡುವ ದಾರಿಯೂ ಇದೆ ಎಂದಾಯಿತು. ಹೀಗಾಗಿ ನಾವು ಕೇಳುವುದು ಆ ಐದು ವರ್ಷದ ತಪಾಸಣೆಯನ್ನು ಮಾತ್ರ, ಅವರ ಇಡೀ ವ್ಯವಸ್ಥೆಯನ್ನಲ್ಲ.

‘ಪರೀಕ್ಷೆಗಳೇ ನೆಟ್ಟಗಿಲ್ಲದಿರುವಾಗ ಆಪ್ತ ಶಾಖೆಯ ನಾಲ್ಕು ಜನರ ಬೆನ್ನು ಹತ್ತುವುದೇಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯನ್ನು ಮುಂದಿನ ಏಪ್ರಿಲ್‌ನಲ್ಲಿ ರದ್ದು ಮಾಡಬೇಕಾಯಿತು. 2023ರ ಅಕ್ಟೋಬರ್ 28ರ ನಿಗಮ-ಮಂಡಳಿಗಳ ಪ್ರಥಮ ದರ್ಜೆ ಸಹಾಯಕರ (ಎಫ್‌ಡಿಎ) ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯ ಕೇಂದ್ರಗಳಲ್ಲಿ ಬ್ಲೂಟೂತ್ ಸಿಕ್ಕಿತು. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳನ್ನು ಓದಿದವರಿಗೆ ಅರ್ಥವೇ ಆಗದಂತೆ ಅನುವಾದ ಮಾಡಿ, 2024ರ ಡಿಸೆಂಬರ್ 29ರಂದು ಮರುಪರೀಕ್ಷೆ ಇಟ್ಟರು. 2011ರ ಸಾಲಿನ 362 ಹುದ್ದೆಗಳ ಆಯ್ಕೆಪಟ್ಟಿಯನ್ನಂತೂ ಸರ್ಕಾರ ರದ್ದು ಮಾಡಿ, ರಾಜ್ಯ ಆಡಳಿತ ನ್ಯಾಯಮಂಡಳಿ (ಕೆಎಟಿ) ಎತ್ತಿಹಿಡಿದು, ಹೈಕೋರ್ಟ್ ತಳ್ಳಿಹಾಕಿ, ಕೊನೆಗೆ 2022ರಲ್ಲಿ ಸದನವೇ ಕಾಯ್ದೆ ಮಾಡಿ ಊರ್ಜಿತಗೊಳಿಸಿತು. ಆದರೆ ಇವೆಲ್ಲ ನಮಗೆ ಗೊತ್ತಾದದ್ದು ಹೇಗೆ? ಪರೀಕ್ಷೆ ಎಂದರೆ ಪ್ರಶ್ನೆಪತ್ರಿಕೆ, ಕೀ ಉತ್ತರ, ಓಎಂಆರ್ ಪ್ರತಿ, ಆಯ್ಕೆಪಟ್ಟಿ, ಜೊತೆಗೆ ಹೊಟ್ಟೆ ಉರಿದ ಸಾವಿರಾರು ಸಹಸ್ಪರ್ಧಿಗಳು. ವಿಲೀನದ ಆದೇಶಕ್ಕೆ ಸಹಸ್ಪರ್ಧಿಯೇ ಇಲ್ಲ, ದೂರು ಕೊಡುವವರು ಎಲ್ಲಿಂದ ಬರಬೇಕು?

ನಷ್ಟ ಯಾರಿಗೆ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಒಂದು ಹುದ್ದೆ ವಿಲೀನದಲ್ಲಿ ತುಂಬಿದರೆ ಆ ರೋಸ್ಟರ್ ಬಿಂದುವಿನಲ್ಲಿ ಬರಬೇಕಿದ್ದ ಪರಿಶಿಷ್ಟ ಜಾತಿಯ ಅಥವಾ ಪ್ರವರ್ಗ-1ರ ಅಭ್ಯರ್ಥಿಯ ಸರದಿ ಸದ್ದಿಲ್ಲದೆ ಹೋಗುತ್ತದೆ. ಮೂಲ ನಿಯಮದ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಇತರ ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೂ ಪ್ರವರ್ಗ-1ಕ್ಕೂ 40. ಆಗೊಮ್ಮೆ ಈಗೊಮ್ಮೆ ಸಡಿಲಿಕೆ ಸಿಗುವುದು ಬೇರೆ ಮಾತು. ಅಧಿಸೂಚನೆ ಒಂದು ವರ್ಷ ತಡವಾದರೂ ಧಾರವಾಡದ ಕೋಚಿಂಗ್ ಕೊಠಡಿಗಳಲ್ಲಿ ಕೂತ ಕೆಲವರು ಗೆರೆ ದಾಟಿಬಿಡುತ್ತಾರೆ. ಒಳಗೆ ಹೋದವರಿಗೆ ಎರಡು ವರ್ಷದ ಪರೀಕ್ಷಾರ್ಥ ಅವಧಿ ಮುಗಿದರೆ ಮುಂದೆ ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ ಎಂಬ, ಸಂವಿಧಾನದ 311ನೇ ವಿಧಿಯ ರಕ್ಷಣೆ ಇದೆ. ಕರೆದ ಸಚಿವರು ಐದು ವರ್ಷಕ್ಕೆ ಮನೆಗೆ ಹೋದರೂ ಬಂದವರು ಅರವತ್ತರವರೆಗೆ ಇರುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಕ್ಕೆ ಹೊಸ ಕಾನೂನೇ ಬೇಡ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಪ್ರಕಾರ ಪ್ರತಿ ಕಚೇರಿಯೂ ತನ್ನ ಅಧಿಕಾರಿ, ನೌಕರರ ಪಟ್ಟಿಯನ್ನೂ ಅವರ ಮಾಸಿಕ ಸಂಬಳವನ್ನೂ ತಾನಾಗಿಯೇ ಪ್ರಕಟಿಸಬೇಕು. ಅದೇ ಪಟ್ಟಿಗೆ ಇನ್ನೆರಡು ಅಂಕಣ ಸೇರಿಸಿ: ‘ಯಾವ ವಿಧಾನದಿಂದ ಬಂದವರು’ ಮತ್ತು ‘ಯಾವ ದಿನಾಂಕಕ್ಕೆ ಅವಧಿ ಮುಗಿಯುತ್ತದೆ’. ಸಚಿವರ ಆಪ್ತ ಶಾಖೆ, ನಿಗಮಾಧ್ಯಕ್ಷರ ಕಚೇರಿ, ವಿಶೇಷ ಕರ್ತವ್ಯಾಧಿಕಾರಿಗಳು (ಓಎಸ್‌ಡಿ), ಸಲಹೆಗಾರರು, ಏಜೆನ್ಸಿ ಮೂಲಕ ಆ ಕಚೇರಿಗಳಲ್ಲಿ ಕೂತವರು, ಎಲ್ಲರೂ ಅದರಲ್ಲಿ ಬರಬೇಕು. ಹೊರಗುತ್ತಿಗೆಯವರು ‘ನಮ್ಮ ನೌಕರರಲ್ಲ’ ಎಂಬ ನೆಪವನ್ನು ಕಚೇರಿಗಳು ಮುಂದಿಡುತ್ತವೆ. ಹಾಜರಾತಿಗೆ ಸಹಿ ಹಾಕುವವರು ಯಾರೋ ಅವರ ಕಚೇರಿಯ ಪಟ್ಟಿಯಲ್ಲಿ ಹೆಸರು ಇರಲಿ.

ತಪಾಸಣೆ ಯಾರು ಮಾಡಬೇಕು ಎಂಬಲ್ಲಿ ಎಡವುವುದು ಸುಲಭ. ನೇಮಕ ಮಾಡುವ ಇಲಾಖೆಯೇ ‘ಎಲ್ಲ ಸರಿಯಿದೆ’ ಎಂದು ಪ್ರಮಾಣಪತ್ರ ಕೊಟ್ಟುಕೊಂಡರೆ ಅದು ತಪಾಸಣೆಯೇ ಅಲ್ಲ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ (ಡಿಪಿಎಆರ್) ಒಂದೇ ಮಾಡಿದರೂ ಸಾಲದು. ಅದು ಮುಖ್ಯಮಂತ್ರಿಗಳ ಕೈಕೆಳಗಿನ ಇಲಾಖೆ. ಕಡತ ಡಿಪಿಎಆರ್ ಮೂಲಕ ಹೋಗಲಿ, ಅಭಿಪ್ರಾಯ ಲೋಕಸೇವಾ ಆಯೋಗದ್ದಿರಲಿ, ಇಬ್ಬರ ಟಿಪ್ಪಣಿಯೂ 30 ದಿನದೊಳಗೆ ಜಾಲತಾಣಕ್ಕೆ ಬರಲಿ. ಆಯೋಗದ ಅಭಿಪ್ರಾಯವನ್ನು ಸರ್ಕಾರ ಒಪ್ಪದಿದ್ದರೆ 323ನೇ ವಿಧಿಯ ಪ್ರಕಾರ ಅದರ ಕಾರಣವನ್ನು ವಾರ್ಷಿಕ ವರದಿಯ ಜೊತೆ ಸದನದ ಮುಂದಿಡಬೇಕೆಂಬ ವ್ಯವಸ್ಥೆ ಈಗಾಗಲೇ ಇದೆ. ಸದಸ್ಯರು ಆ ಪುಟವನ್ನು ಓದಬೇಕು, ಅಷ್ಟೇ.

ಕಡತದಲ್ಲಿ ನೋಡಬೇಕಾದ್ದೂ ಬಹಳವಿಲ್ಲ. ಹುದ್ದೆ ಯಾವಾಗ ಸೃಜಿಸಿದ್ದು, ಆಗ ಈ ವ್ಯಕ್ತಿ ಎಲ್ಲಿದ್ದರು? ಅರ್ಹತೆಯ ಕಲಂ ಕೊನೆಯ ಸಲ ತಿದ್ದಿದ್ದು ಯಾವಾಗ, ತಿದ್ದುಪಡಿಯ ಪ್ರಸ್ತಾವ ಯಾರದು? ಜಾಹೀರಾತು ಎಷ್ಟು ದಿನ ಇತ್ತು, ಎಷ್ಟು ಅರ್ಜಿ ಬಂದವು? ಆಯ್ಕೆ ಸಮಿತಿಯಲ್ಲಿ ಕೂತವರು ಇವರನ್ನು ಕರೆತಂದವರ ಕೈಕೆಳಗಿನವರೇ? ಈ ನಾಲ್ಕಕ್ಕೆ ಉತ್ತರ ತೃಪ್ತಿಯಾಗಿದ್ದರೆ ನೇಮಕ ಮಾಡಿ. ನಮ್ಮ ಅನುಭವದಲ್ಲಿ ಮೊದಲ ಪ್ರಶ್ನೆಯ ಎರಡು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಉಳಿದ ಮೂರನ್ನು ಕೇಳುವ ಅಗತ್ಯವೇ ಬೀಳುವುದು ಕಡಿಮೆ.

ಸುತ್ತೋಲೆಯ ಕರಡನ್ನೂ ಇಲ್ಲೇ ಬರೆದಿಟ್ಟಿದ್ದೇವೆ, ಭಾಷೆ ತಿದ್ದಿಕೊಳ್ಳಬಹುದು:

‘ಹಿಂದಿನ ಐದು ವರ್ಷಗಳಲ್ಲಿ ಯಾವುದೇ ಅವಧಿಗೆ ಮುಖ್ಯಮಂತ್ರಿ, ಸಚಿವರು ಅಥವಾ ನಾಮನಿರ್ದೇಶಿತ ಅಧ್ಯಕ್ಷರ ಕಚೇರಿಯಲ್ಲಿ ಗುತ್ತಿಗೆ, ಹೊರಗುತ್ತಿಗೆ ಅಥವಾ ಸಹಾವಧಿ (ಅವರ ಅಧಿಕಾರಾವಧಿಯೊಂದಿಗೆ ಮುಗಿಯುವ) ಆಧಾರದ ಮೇಲೆ ಕೆಲಸ ಮಾಡಿದ ವ್ಯಕ್ತಿಯನ್ನು ಸರ್ಕಾರದ ಇಲಾಖೆ, ನಿಗಮ, ಮಂಡಳಿ ಅಥವಾ ಸೊಸೈಟಿಯ ಯಾವುದೇ ಖಾಯಂ ಹುದ್ದೆಗೆ ನೇಮಕ, ವಿಲೀನ ಅಥವಾ ಸಕ್ರಮಗೊಳಿಸುವ ಪ್ರಸ್ತಾವವನ್ನು, ಸಂಪೂರ್ಣ ನೇಮಕಾತಿ ಕಡತದೊಂದಿಗೆ, ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಮೂಲಕ ಕರ್ನಾಟಕ ಲೋಕಸೇವಾ ಆಯೋಗದ ಅಭಿಪ್ರಾಯಕ್ಕೆ ಸಲ್ಲಿಸತಕ್ಕದ್ದು. ಅಭಿಪ್ರಾಯ ಪ್ರಕಟವಾಗುವ ಮೊದಲು ಹೊರಡಿಸಿದ ಆದೇಶದ ಮೇಲೆ ವೇತನ ಸೆಳೆಯತಕ್ಕದ್ದಲ್ಲ.’

ಕೊನೆಯ ವಾಕ್ಯವನ್ನು ದಯವಿಟ್ಟು ಕೈಬಿಡಬೇಡಿ. ಖಜಾನೆಯಲ್ಲಿ ಸಂಬಳದ ಬಿಲ್ಲು ನಿಲ್ಲದಿದ್ದರೆ ಮೇಲಿನದೆಲ್ಲ ಬರೀ ಕಾಗದ.

ಇತಿ,
ಸೇವಾ ನಿಯಮಗಳ ಕಡತ ಓದುವ ಕೆಲವು ನಾಗರಿಕರು